ಭಾವನ ಹೊಸ ಯೂನಿಫಾರಂ

ನಗ್ತೀರಾ? ನಗಿ ಭಾವ, ನಗಿ! ನಾನೇನು ಕಥೆ ಕಟ್ತಿದೀನಾ? ಸೋಮವಾರ ನೀವು ಗೇಟಲ್ಲಿ ಸಲ್ಯೂಟ್ ಹೊಡೀತಾ ನಿಂತಿದ್ರಿ, ನಿಮಗೆಲ್ಲಿ ಗೊತ್ತಾಗ್ಬೇಕು ಈ ಬೀದಿ ಆಡಿದ ಆಟ. ಮೂರು ವರ್ಷ ಬಾಯಿ ಹೊಲಿದುಕೊಂಡು ಕೂತಿದ್ದ ನಿಮ್ಮ ಗಾರ್ಮೆಂಟ್ಸು ಎಂಟು ಗಂಟೆಗೆ ಸೈರನ್ ಊದಿತು ನೋಡಿ, ಎದುರುಗಡೆ ಸಲೂನಿನವನು ಗಿರಾಕೀನ ಕುರ್ಚೀಲೇ ಬಿಟ್ಟು ಓಡಿ ಬಂದ. ಹಿಂದೆಯೇ ಆ ಗಿರಾಕೀನೂ ಬಂದ! ಒಂದು ಕೆನ್ನೆ ನೊರೆ, ಒಂದು ಕೆನ್ನೆ ನುಣ್ಣಗೆ, ಕುತ್ತಿಗೆಗೆ ಬಿಳೀ ಬಟ್ಟೆ. ಬಂದು ಚಪ್ಪಾಳೆ ತಟ್ಟಿದ ಭಾವ, ಚಪ್ಪಾಳೆ! ಸೈರನ್ನಿಗೆ!

ಕೂತ್ಕೊಳ್ಳಿ. ಆ ಸ್ಟೂಲು ಬೇಡ, ಕಾಲು ಅಲ್ಲಾಡುತ್ತೆ. ಈ ಕಡೆ ಕೂತ್ಕೊಳ್ಳಿ, ಮಿಷನ್ ಪಕ್ಕ. ಈ ಒಂದು ತೋಳು ಮುಗಿಸಿಬಿಟ್ಟು ನಿಮ್ಮ ಪ್ಯಾಂಟು ನೋಡ್ತೀನಿ. ಸೊಂಟ ಲೂಸಾಗಿದೆ ಅಂದ್ರಲ್ಲ, ಹಿಡಿದು ಕೊಡೋಣ, ಅದೆಷ್ಟು ಹೊತ್ತಿನ ಕೆಲಸ... ಅಬ್ಬಬ್ಬಾ, ಹೊಸ ಯೂನಿಫಾರಂ, ಹಿತ್ತಾಳೆ ಗುಂಡಿ! ಖಾಲಿ ಕಾರ್ಖಾನೆ ಕಾಯ್ಕೊಂಡು ಇಲಿ ಓಡಿಸ್ತಾ ಇದ್ದಾಗ ಒಂದು ಟೋಪಿ ಕೊಡಲಿಲ್ಲ ನಿಮಗೆ. ಈಗ ನೋಡಿ, ಮದುವೆ ಗಂಡು!

ಏನು? ಆ ಗುಂಡಿ ಯಾಕೆ ತಿರುಚ್ತೀರಾ? ಕಿತ್ತು ಬಂದ್ರೆ ಅದನ್ನೂ ನಾನೇ ಹಾಕ್ಬೇಕು.

ಇರಲಿ, ನಾನು ಹೇಳ್ತೀನಿ, ಕೇಳಿ. ಚೇತರಿಕೆ ಅಂತೆ! ಬೆಳಿಗ್ಗೆ ಎದ್ರೆ ರೇಡಿಯೋದಲ್ಲಿ ಅದೇ, ಪೇಪರಲ್ಲಿ ಅದೇ. ಮಾರುಕಟ್ಟೆ ಚೇತರಿಸಿಕೊಳ್ತಾ ಇದೆ, ಮಾರುಕಟ್ಟೆ ಚೇತರಿಸಿಕೊಳ್ತಾ ಇದೆ... ಅದೇನು ಬಾಣಂತೀನಾ ಅಂತೀನಿ? ಈ ಬೀದಿಯವರೂ ಹಾಗೇ ಆಡ್ತಿದಾರೆ. ಮನೆ ಓನರು ಗೇಟಿಗೆ ಬಣ್ಣ ಬಳಿಸ್ತಾ ಇದಾನೆ. ಹಾಲಿನವಳು ಎರಡನೇ ಎಮ್ಮೆ ಅಂತಾಳೆ. ಪಕ್ಕದ ಮನೆ ಡ್ರೈವರು, ಅವನಿನ್ನೂ ಕೆಲಸಕ್ಕೇ ಸೇರಿಲ್ಲ, ಆಗಲೇ ಬಂದು ಕೋಟಿಗೆ ಅಳತೆ ಕೊಟ್ಟು ಹೋದ. ಕೂಸು ಹುಟ್ಟೋ ಮುಂಚೆ ಕುಲಾವಿ! ಹೊಲಿಯೋನು ನಾನೇ, ನಂಗೇ ನಗು ಬರುತ್ತೆ.

ಇಲ್ಲ, ಇಲ್ಲ. ಸುಳ್ಳು ಅಂತ ನಾನೂ ಹೇಳಲ್ಲ. ನಂಗೂ ಗೊತ್ತು ಏನೋ ಆಗ್ತಾ ಇದೆ ಅಂತ. ಪೇಪರಿನವರಿಗಿಂತ ಮುಂಚೆ ಗೊತ್ತಾಯ್ತು! ದೇಶದ ಯೋಗಕ್ಷೇಮ ತಿಳೀಬೇಕಾದ್ರೆ ದರ್ಜಿ ಹತ್ರ ಬರಬೇಕು ಭಾವ. ಮೂರು ವರ್ಷ ಈ ಬಾಗಿಲಿಗೆ ಬಂದವರೆಲ್ಲ ಒಂದೇ ಮಾತು: ಹಿಡಿದು ಕೊಡಿ. ಸೊಂಟ ಹಿಡಿದು ಕೊಡಿ, ಎದೆ ಹಿಡಿದು ಕೊಡಿ, ಅಣ್ಣನ ಅಂಗಿ ತಮ್ಮನಿಗೆ ಹಿಡಿದು ಕೊಡಿ. ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕ್ಕೊಂಡವರ ಬಟ್ಟೆಯೆಲ್ಲ ನಾನೇ ಹಿಡಿದಿದ್ದು! ಹೋದ ವಾರ ಆ ಕನ್ನಡಕದ ಮೇಷ್ಟ್ರು ಬಂದು, 'ಸ್ವಲ್ಪ ಬಿಗಿಯಾಗ್ತಿದೆ, ಬಿಚ್ಚಿ ಅರ್ಧ ಇಂಚು ಬಿಡಪ್ಪ' ಅಂದ್ರು. ಬಿಡಪ್ಪ! ನಾನು ಎರಡು ಸಲ ಕೇಳಿದೆ, ಹಿಡೀಬೇಕಾ ಬಿಡಬೇಕಾ ಅಂತ. ಅವರಿಗೇ ನಾಚಿಕೆ ಆಯ್ತು ಪಾಪ, ಏನೋ ಕದ್ದು ತಿಂದು ಸಿಕ್ಕಿಬಿದ್ದೋರ ಥರ.

ಆದ್ರೆ ಅದಕ್ಕೆ ಕುಣಿಯೋದಾ? ಮಳೆ ನಿಂತರೂ ಮರದ ಹನಿ ನಿಲ್ಲಲ್ಲ. ಒಬ್ಬ ಮೇಷ್ಟ್ರ ಸೊಂಟ ಬಿಟ್ರೆ ಹತ್ತು ಜನರದು ಇನ್ನೂ ಹಿಡೀತಾನೇ ಇದೀನಿ.

ನಿಮ್ಮ ತಂಗಿ ಒಪ್ಪಲ್ಲ. 'ಕಟಿಂಗ್ ಸೆಕ್ಷನ್ನಿಗೆ ಆರು ಜನ ಬೇಕಂತೆ, ನೀವೊಂದ್ಸಲ ಹೋಗಿ ಬನ್ನಿ, ನಿಮ್ಮಂಥ ಕೈ ಇನ್ಯಾರದಿದೆ' ಅಂತ ಮೂರು ದಿನದಿಂದ ಜಪ. ನಾನು ಹೇಳ್ಬಿಟ್ಟೆ. ಹೋಗಲ್ಲ! ಅವರೇ ಈ ಹೊಸಿಲಿಗೆ ಬಂದು ಕರೆದ್ರೂ ಹೋಗಲ್ಲ! ಕಟಿಂಗ್ ಮಾಸ್ಟರ್ ಕಣೇ ನಾನು, ಕರೆದಾಗ ಬರೋಕೆ, ಹಚಾ ಅಂದಾಗ ಹೋಗೋಕೆ ನಾಯೀನಾ ಅಂದೆ. ಅವಳು ಒಳಗೆ ಹೋಗಿ ಪಾತ್ರೆ ಕುಕ್ಕಿದಳು. ಕುಕ್ಕಲಿ.

ಯಾಕೆ, ಆ ಪರದೆ ಕಡೆ ನೋಡ್ತೀರಾ? ಒಳಗೇ ಇದಾಳೆ, ಅಕ್ಕಿ ಆರಿಸ್ತಾ ಇದಾಳೆ. ಕೇಳಿಸ್ಕೊಳ್ಳಲಿ ಬಿಡಿ! ನಾನು ಯಾಕೆ ಬಿಟ್ಟೆ ಅಂತ ಅವಳಿಗೂ ಗೊತ್ತು, ನಿಮಗೂ ಗೊತ್ತು. ಆ ಮ್ಯಾನೇಜರ್ ಬಂದು ಏನಂದ? 'ಹೊಲಿಗೆ ಒಳಗೆ ಇಷ್ಟು ಬಟ್ಟೆ ಯಾಕೆ ಬಿಡ್ತೀಯಾ, ಕಾಲಿಂಚಿಗೆ ಇಳಿಸು' ಅಂದ. ನಾನಂದೆ, ಸಾಹೇಬ್ರೇ, ಮನುಷ್ಯ ಅಂದ್ಮೇಲೆ ಒಂದು ವರ್ಷ ದಪ್ಪ ಆಗ್ತಾನೆ, ಒಂದು ವರ್ಷ ಸಣ್ಣ ಆಗ್ತಾನೆ. ಒಳಗೆ ಬಟ್ಟೇನೇ ಇಲ್ದಿದ್ರೆ ನಾಳೆ ಅವನು ಬಿಚ್ಚೋದೇನು, ಚರ್ಮಾನಾ? ಅಂದೆ. ಎದುರಿಗೇ ಅಂದೆ! ಕತ್ತರಿ ಟೇಬಲ್ ಮೇಲೆ ಕುಕ್ಕಿದೆ, ಬಂದೆ. ಕಾರ್ಖಾನೆ ಮುಚ್ಚೋಕೆ ಎರಡು ತಿಂಗಳು ಮುಂಚೇನೇ ಬಂದೆ. ಯಾರೂ ನನ್ನ ತೆಗೀಲಿಲ್ಲ. ನಾನೇ ಬಿಟ್ಟೆ!

...ನಾನೇ ಬಿಟ್ಟೆ ಅಂದ್ನಲ್ಲ. ತಲೆ ಯಾಕೆ ತಗ್ಗಿಸ್ತೀರಾ?

ಸರಿ ಸರಿ, ಏಳಿ. ಮಾತಾಡ್ತಾ ಇದ್ರೆ ನಿಮ್ಮ ಊಟದ ಬಿಡುವು ಮುಗಿದುಹೋಗುತ್ತೆ. ಬೆಳಕಿಗೆ ಬನ್ನಿ. ಅಂಗಿ ಮೇಲೆತ್ತಿ. ಉಸಿರು ಬಿಗಿ ಹಿಡೀಬೇಡಿ ಭಾವ, ಎಲ್ಲ ಗಿರಾಕಿಗಳೂ ಇಲ್ಲಿ ಬಂದ ತಕ್ಷಣ ಹೊಟ್ಟೆ ಒಳಗೆಳ್ಕೊಳ್ತಾರೆ, ಟೇಪಿಗೆ ಮೋಸ ಮಾಡೋಕಾಗುತ್ತಾ! ಹಾಂ, ಹಾಗೆ... ಮೂವತ್ನಾಲ್ಕು. ಈಗ ಪ್ಯಾಂಟಿನ ಪಟ್ಟಿ... ಮೂವತ್ನಾಲ್ಕು.

ತಡೀರಿ. ತಿರುಗಿ.

ಬೆರಳು ಹೋಗ್ತಾ ಇಲ್ವಲ್ಲ ಭಾವ. ನೂಲಿನಷ್ಟೂ ಲೂಸಿಲ್ಲ. ಅಚ್ಚಿಗೆ ಹೊಯ್ದ ಹಾಗೆ ಕೂತಿದೆ. ಹಿಡಿಯೋಕೆ ಇದರಲ್ಲಿ ಏನಿದೆ?

...ಭಾವ? ಮತ್ತೆ ಯಾಕೆ ಬಂದ್ರಿ?

ಈ ಬಿಸಿಲಲ್ಲಿ, ಊಟ ಬಿಟ್ಟು, ಸರಿಯಾಗಿರೋ ಪ್ಯಾಂಟು ಹಾಕ್ಕೊಂಡು... ಹೇಳಿ. ಮುಖ ನೋಡಿ ಹೇಳಿ.

ಓ.

ಆ ಆರು ಜನರ ಪಟ್ಟಿ ಬಂತಾ.

ಮೆಲ್ಲಗೆ. ಮೆಲ್ಲಗೆ ಹೇಳಿ, ಅವಳಿಗೆ ಕೇಳುತ್ತೆ... ನೀವೇನೂ ಹೇಳಲೇ ಇಲ್ಲ, ಅಲ್ವಾ. ನಾನೇ ಬಡ್ಕೊಳ್ತಾ ಇದೀನಿ. ಬಂದಾಗಿನಿಂದ ನಾನೇ!

ನೋಡಿ, ನಿನ್ನೆ ನಾನು ನಿಮ್ಮ ಗೇಟಿನ ಮುಂದೆ ಆ ಸಾಲಲ್ಲಿ ನಿಂತಿದ್ದು... ಸುಮ್ನೆ ನಿಂತಿದ್ದು. ಹೇಗಿದೆ ನೋಡೋಣ ಅಂತ. ತಲೆ ಮೇಲೆ ಟವೆಲ್ ಹಾಕ್ಕೊಂಡಿದ್ದು ಬಿಸಿಲಿಗೆ. ನೀವು ನನ್ನ ಗುರುತು ಹಿಡಿದ್ರಿ ಅಂತ ಗೊತ್ತು ನಂಗೆ. ಬೇರೆಯವರ ಹೆಸರೆಲ್ಲ ಕೇಳಿ ಕೇಳಿ ಬರೆದ್ರಿ, ನನ್ನದು ಕೇಳದೇನೇ ಬರೆದ್ರಿ. ಆವಾಗ್ಲೂ ಮಾತಾಡಲಿಲ್ಲ ನೀವು. ದೊಡ್ಡ ಉಪಕಾರ.

ಆರರಲ್ಲಿ ನಂದಿಲ್ಲ. ಅಲ್ವಾ?

ಹುಂ.

ಇಲ್ದಿದ್ರೆ ಕತ್ತೆ ಬಾಲ! ಮೂರು ವರ್ಷದ ಹಿಂದೆ ಬೋರ್ಡಿಗೆ ಅಂಟಿಸಿದ್ದ ಆ ಪಟ್ಟೀಲಿ ನನ್ನ ಹೆಸರು ಹನ್ನೊಂದನೇದು ಇತ್ತು. ತೆಗೆದುಹಾಕಿದವರ ಪಟ್ಟಿ. ಅಂಟು ಹಚ್ಚಿ ಅಂಟಿಸಿದ ಕೈ ನಿಮ್ಮದೇ. ಮ್ಯಾನೇಜರ್ ಹತ್ರ ಮಾತಾಡಿದ್ದು ನಿಜ, ದೇವರಾಣೆ ನಿಜ, ಆದ್ರೆ ಕತ್ತರಿ ಕುಕ್ಕಿದ್ದು... ಕತ್ತರೀನ ಬಟ್ಟೇಲಿ ಸುತ್ಕೊಂಡು ಚೀಲಕ್ಕೆ ಹಾಕ್ಕೊಂಡು ಬಂದೆ. ಗೇಟಲ್ಲಿ ನನ್ನ ಚೀಲ ತಪಾಸಣೆ ಮಾಡ್ಬೇಕಾದೋರು ನೀವು. ಮಾಡಲಿಲ್ಲ. ಆಕಾಶ ನೋಡ್ತಾ ನಿಂತ್ರಿ. ಇಷ್ಟು ವರ್ಷ ಊಟಕ್ಕೆ ಬಂದಾಗೆಲ್ಲ ನಾನು ಜಂಬ ಕೊಚ್ತಿದ್ರೆ, ಒಂದು ದಿನಕ್ಕೂ ನಿಮ್ಮ ತಂಗಿ ಮುಂದೆ ಬಾಯಿ ಬಿಡಲಿಲ್ಲ ನೀವು.

ಅವರು ತಗೊಳ್ದೇ ಇದ್ರೆ ನಾನು ಸತ್ತು ಹೋಗ್ತೀನಾ? ಮೂರು ವರ್ಷ ಸಾಯಲಿಲ್ಲ! ಈ ಬೀದಿಯವರು ಉಡೋದೆಲ್ಲ ಈ ಮಿಷನ್ ಕೆಳಗೆ ಹಾಯ್ದು ಹೋಗಿದೆ. ಅವರ ಚೇತರಿಕೆಗೆ ನಾನು ಬೇಡ ಅಂದ್ರೆ ನಂಗೂ ಅವರ ಚೇತರಿಕೆ... ಬೇಡ...

ಬೇಕಿತ್ತು ಭಾವ. ಬೇಕಿತ್ತು. ಆ ಉದ್ದ ಟೇಬಲ್ಲು, ನಲವತ್ತು ಪದರ ಬಟ್ಟೆ, ಒಂದೇ ಗೆರೆ... ಕೈ ಅದನ್ನೇ ಕೇಳುತ್ತೆ.

ಆಂ? ಏನೇ? ...ಏನಿಲ್ಲ ಕಣೇ! ನಿಮ್ಮಣ್ಣನ ಪ್ಯಾಂಟು ಲೂಸಂತೆ, ಅದನ್ನೇ ಹಿಡೀತಾ ಇದೀನಿ! ಅಲ್ವಾ ಭಾವ? ...ಹೌದು ಅನ್ನಿ. ಕೇಳ್ತಾ ಇದಾಳೆ, ಒಂದ್ಸಲ ಹೌದು ಅನ್ನಿ ಸಾಕು.

ಭಾವ?

...ಥೂ, ಇಷ್ಟು ವಯಸ್ಸಾಯ್ತು, ಒಂದು ಸುಳ್ಳು ಹೇಳೋಕೆ ಬರಲ್ವಲ್ಲ ನಿಮಗೆ.

ಅಯ್ಯೋ, ಪರದೆ ಹಿಂದೆ ಯಾಕೆ ನಿಂತ್ಕೊಳ್ತೀಯೇ, ಕಾಲು ಕಾಣ್ತಾ ಇದೆ. ಬಾ ಹೊರಗೆ. ಬಾ, ನಿಮ್ಮಣ್ಣನ ಪಕ್ಕ ಕೂತ್ಕೋ. ಇಬ್ಬರಿಗೂ ಒಂದೇ ಸಲ ಹೇಳ್ತೀನಿ... ನಿನ್ನೆ ಗುಂಡಿ ತರೋಕೆ ಅಂತ ಹೋದ್ನಲ್ಲ, ನಾನು ಗುಂಡಿ ಅಂಗಡಿಗೆ ಹೋಗಿರಲಿಲ್ಲ ಕಣೇ.