ಯಾಯೀರ ಹೇಗೆ ನಡೆದ?

ಭಾನುವಾರದ ಪೂಜೆ ಮುಗಿಸಿ ಹೆಬ್ಬಗೋಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಗಂಡ ಹೆಂಡತಿ ನಿಂತಿದ್ದರು. ಆ ದಿನ ಚರ್ಚಿನಲ್ಲಿ ಬೈಬಲಿನ ಮೊದಲನೇ ವಾಚನ ಓದಿದವಳು ಆಕೆಯೇ. ಅವಳ ಕೈಯಲ್ಲಿದ್ದ ಫೋನ್ ರಿಂಗಾಗುತ್ತಲೇ ಇತ್ತು.

“ತೆಗಿ ಲೂರ್ದು. ಆಸ್ಪತ್ರೆಯೋರು.”

“ಗೊತ್ತು. ಅದಕ್ಕೇ ತೆಗೀತಿಲ್ಲ.”

“ಎಷ್ಟೊತ್ತು ಅಂತ ಹಿಂಗಿರ್ತೀಯ?”

“ಇವತ್ತಿನ ಶುಭಸಂದೇಶ ಕೇಳಿಸ್ಕೊಂಡ್ರಾ? ಯೇಸುಸ್ವಾಮಿ ಯಾಯೀರನ ಜೊತೆ ಅವನ ಕಾಯಿಲೆ ಮಗಳನ್ನ ನೋಡೋಕೆ ಹೊರಟಿದ್ರು. ದಾರೀಲೇ ಜನ ಬಂದು ಅವನಿಗೆ, ಮಗು ಹೋಯ್ತು, ಇನ್ಯಾಕೆ ಅವರಿಗೆ ತೊಂದ್ರೆ ಕೊಡ್ತೀಯ ಅಂದ್ರು.”

“ಆ ಮಗೂನ ಸ್ವಾಮಿ ಕೈ ಹಿಡಿದು ಎಬ್ಬಿಸಿದ್ರಲ್ಲ.”

“ಎಬ್ಬಿಸಿದ್ರು. ನಾನು ಕೇಳ್ತಿರೋದು ಆ ಅಪ್ಪನ ವಿಷ್ಯ. ಅಂಥ ಮಾತು ಕಿವಿಗೆ ಬಿದ್ಮೇಲೂ ಅವನು ಮನೆವರೆಗೂ ಹೆಂಗೆ ನಡೆದ?”

ಗಂಡ ಬಸ್ಸು ಬರುವ ದಾರಿಯತ್ತ ನೋಡಿದ.

“ಸಾವನ್ನ ದೇವರು ಮಾಡಿಲ್ಲ ಅಂತ ಅಷ್ಟು ಜನರ ಮುಂದೆ ನಾನೇ ಓದ್ದೆ ಕಣ್ರೀ. ಅಲ್ಲಿ ನನ್ನ ಮಗಳು ಪ್ರಿನ್ಸಿ ಬಾಯಿಗೆ ಪೈಪ್ ಹಾಕಿಸ್ಕೊಂಡು ಮಲಗಿದಾಳೆ. ಮಿಷಿನ್ ತೆಗೆಯೋಕೆ ಒಪ್ಪಿಗೆ ಕೊಡಿ ಅಂತಾರೆ.”

“ಇನ್ನೇನೂ ಮಾಡೋಕಾಗಲ್ಲ ಅಂದ್ರಲ್ಲ ಡಾಕ್ಟ್ರು.”

“ನೀವು ಹೂಂ ಅಂದ್ಬಿಟ್ರಾ?”

“ನಿನ್ನ ಬಿಟ್ಟು ಹೆಂಗೆ ಅನ್ಲಿ?”

ಬಸ್ಸು ಬಂದು ನಿಂತಿತು. ಫೋನ್ ಮತ್ತೆ ರಿಂಗಾಯಿತು. ಈ ಸಲ ಆಕೆ ಎತ್ತಿಕೊಂಡಳು.

“ಹಲೋ, ಉಸಿರಿದ್ಯಾ ಸಾರ್?” ಆ ಕಡೆಯ ಮಾತನ್ನು ಕೇಳುತ್ತ ಕಣ್ಣು ಮುಚ್ಚಿದಳು. “ಸರಿ. ನಾವು ಬರೋವರೆಗೂ ಏನೂ ತೆಗೀಬೇಡಿ. ನಾನು ಅವಳ ಕೈ ಹಿಡ್ಕೊಂಡು ಒಂದ್ಸಲ ಎಬ್ಬಿಸಿ ನೋಡ್ಬೇಕು.”

ಗಂಡ ಅವಳ ತೋಳು ಹಿಡಿದು ಬಸ್ಸು ಹತ್ತಿಸಿದ.