ಬಲಗಾಲಿನ ಪೆಡಲ್

ಅರವತ್ತು ಯೂರೋ! ಅರವತ್ತರಲ್ಲಿ ಪೆಡಲ್ಲೂ ಬೇಕು, ಶೂನೂ ಬೇಕು, ಶೂ ತಳಕ್ಕೆ ಹಾಕೋ, ಪೆಡಲ್ಲಿಗೆ ಸಿಕ್ಕಿಸೋ ಕ್ಲೀಟೂ ಬೇಕು... ಇನ್ನೇನು ಬೇಕಮ್ಮ? ಸೈಕಲ್ಲನ್ನೂ ನಾನೇ ತುಳಿದುಕೊಡ್ಲಾ? ನಗಬೇಡ ವೇರ್ಲೆ, ನಾನೇನು ತಮಾಷೆ ಮಾಡ್ತಿಲ್ಲ. ಬಾಗಿಲು ಹಾಕು ಮೊದಲು, ಗಾಳಿ ನುಗ್ತಾ ಇದೆ. ಕೂತ್ಕೋ. ಆ ಸ್ಟೂಲ್ ಬೇಡ, ಅದರ ಮೇಲೆ ಗ್ರೀಸಿದೆ. ಹೂಂ, ಅಲ್ಲಿ. ಕಾಫಿ ಕೊಡ್ತೀನಿ, ಕಾಫಿಗೆ ದುಡ್ಡು ಕೇಳಲ್ಲ, ಹೆದರಬೇಡ.

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಇಷ್ಟು ವರ್ಷ ನೀನು ಮಾಮೂಲಿ ಪೆಡಲ್ ತುಳ್ಕೊಂಡು ಬೇಕರಿಗೆ ಹೋದೆ, ಮಕ್ಕಳನ್ನ ಸ್ಕೂಲಿಗೆ ಬಿಟ್ಟೆ, ಏನೂ ಕಡಿಮೆಯಾಗಿರಲಿಲ್ಲ. ನಾಳೆ ಭಾನುವಾರ ಕ್ಲಬ್ಬಿನವರ ಜೊತೆ ಹೊರಡ್ತೀನಿ ಅಂದ ತಕ್ಷಣ ಕಾಲು ಕಚ್ಕೊಳ್ಳೋ ಪೆಡಲ್ಲೇ ಆಗಬೇಕು. ಯಾರು ತಲೆಗೆ ತುಂಬಿದ್ದು? ... ಯಾರು? ಹಲ್ಲಿನ ಡಾಕ್ಟರಾ? ಅಯ್ಯೋ ದೇವರೇ! ಆ ಮಹಾಶಯ ಮುನ್ನೂರು ಯೂರೋ ಪೆಡಲ್ ಹಾಕಿಸ್ಕೊಂಡಿದ್ದಾನೆ, ಗೊತ್ತಾ? ಹಾಕಿದ್ದು ನಾನೇ. ಕೋಪನ್‌ಬರ್ಗ್ ಗುಡ್ಡದ ಏರಲ್ಲಿ ಅರ್ಧ ದಾರಿಗೇ ಇಳಿದು, ಸೈಕಲ್ ತಳ್ಕೊಂಡು ಹೋಗ್ತಾನೆ. ಕೇಳಿದ್ರೆ, ಕಲ್ಲುಹಾಸು ಸರಿಯಿಲ್ಲವಂತೆ! ನೂರಾರು ವರ್ಷದಿಂದ ಅಲ್ಲೇ ಬಿದ್ದಿರೋ ಕಲ್ಲು! ಕುಣಿಲಾರದವಳು ನೆಲ ಡೊಂಕು ಅಂದ್ಲಂತೆ.

ಇರಲಿ. ಇಲ್ಲಿ ನೋಡು. ಇದು ಮೂರು ತೂತಿನ ಕ್ಲೀಟು. ರೇಸಿನವರದ್ದು. ಇದನ್ನ ಹಾಕ್ಕೊಂಡು ಕೆಫೆಯೊಳಗೆ ನಡೆದೆ ಅಂದ್ರೆ ಬಾತುಕೋಳಿ ಬಂತು ಅಂತ ಎಲ್ಲರೂ ತಿರುಗಿ ನೋಡ್ತಾರೆ. ಇದು ಎರಡು ತೂತಿಂದು. ಚಿಕ್ಕದು, ಶೂ ತಳದ ಒಳಗೇ ಕೂತ್ಕೊಳತ್ತೆ, ನಡೆಯಬಹುದು, ಅಂಗಡಿಗೆ ಹೋಗಬಹುದು. ಪೆಡಲ್ ಎರಡೂ ಕಡೆ ಕಚ್ಚತ್ತೆ, ಯಾವ ಕಡೆ ಮೇಲಿದೆ ಅಂತ ಬಗ್ಗಿ ನೋಡೋ ಕಷ್ಟ ಇಲ್ಲ. ನಿನ್ನಂಥೋಳಿಗೆ ಇದೇ. ತುಳಿದ್ರೆ ಕಚ್ಚತ್ತೆ, ಹಿಮ್ಮಡಿ ಹೊರಗಡೆ ತಿರುಗಿಸಿದ್ರೆ ಬಿಡತ್ತೆ. ಮೇಲಕ್ಕೆ ಎಳೀಬಾರದು, ಹೊರಕ್ಕೆ. ಇಷ್ಟೇ ವಿದ್ಯೆ. ಇದನ್ನ ಕಲಿಯೋಕೆ ಜನ ಇಂಟರ್ನೆಟ್ಟಲ್ಲಿ ಇಡೀ ದಿನ ವಿಡಿಯೋ ನೋಡ್ತಾರೆ, ಆಮೇಲೆ ಮೊದಲನೇ ಕೆಂಪು ದೀಪದಲ್ಲಿ ನಿಂತಲ್ಲೇ ದೊಪ್ ಅಂತ ಬೀಳ್ತಾರೆ.

ಬೀಳ್ತೀಯ. ಬೀಳ್ದೇ ಇರ್ತೀಯಾ? ಎಲ್ಲರೂ ಒಂದ್ಸಲ ಬೀಳ್ತಾರೆ. ನಮ್ಮ ಕ್ಲಬ್ಬಲ್ಲಿ ಅದು ಪದ್ಧತಿ. ಹೊಸಬರು ಎಲ್ಲಿ ಬೀಳ್ತಾರೋ ಅಂತ ಕಾಯ್ತಾ ಇರ್ತೀವಿ, ಬಿದ್ದವರು ಎಲ್ಲರಿಗೂ ಬಿಯರ್ ಕೊಡಿಸಬೇಕು. ಮೂವತ್ತು ವರ್ಷದಿಂದ ಹೀಗೇ. ನಾನೂ ಕೊಡಿಸಿದ್ದೀನಿ... ಒಂದೇ ಸಲ, ಒಂದೇ ಸಲ!

ಐವತ್ತೈದು. ಪೆಡಲ್ ಮಾತ್ರ. ಮುಖ ಯಾಕೆ ಹಾಗೆ ಮಾಡ್ತೀಯ? ನಾನೇನು ದಾನಛತ್ರ ಇಟ್ಟಿದ್ದೀನಾ?

...ಏನದು ಚೀಲದಲ್ಲಿ? ತೆಗಿ, ನೋಡೋಣ.

ಓಹೋ. ಓಹೋಹೋ! ಇವನ್ನ ಇನ್ನೂ ಇಟ್ಕೊಂಡಿದ್ದಾನಾ ನಿಮ್ಮಪ್ಪ? ಹನ್ನೊಂದು ವರ್ಷ ಆಯ್ತಲ್ಲೇ! ಮೇಜಿನ ಮೇಲೆ ಇಡಬೇಡ ಆ ದರಿದ್ರಗಳನ್ನ. ಅದು ಪೆಡಲ್ ಅಲ್ಲ, ಇಲಿಬೋನು. ಯಾವ ಅಂಗಡೀಲಿ ತಂದಿದ್ದ ಗೊತ್ತಾ? ಹೆದ್ದಾರಿ ಪಕ್ಕ, ಟೆಂಟು, ಈಜುಡುಗೆ, ಮೀನು ಹಿಡಿಯೋ ಗಾಳ ಎಲ್ಲಾ ಒಂದೇ ಸೂರಿನಡಿ ಮಾರ್ತಾರಲ್ಲ, ಅಂಥ ಕಡೆ. ಮೂವತ್ತು ಯೂರೋ! ಊರಿಡೀ ಗೊತ್ತು. 'ಮೂವತ್ತು ಯೂರೋ ವಿಲ್ಫ್ರೀಡ್' ಅಂತ ಅವನಿಗೆ ಹೆಸರೇ ಬಿತ್ತಲ್ಲ... ನಿನಗೆ ಕೋಪ ಬರತ್ತೆ ಅಂತ ಗೊತ್ತು, ಆದ್ರೆ ನಾನೇನು ಸುಳ್ಳು ಹೇಳಿದ್ನಾ? ಅಗ್ಗದ ಸಾಮಾನು ತಗೊಂಡ, ರೈಲ್ವೆ ಗೇಟ್ ಹತ್ರ ಎಲ್ಲರೂ ನಿಂತಾಗ ಅವನ ಕಾಲು ಪೆಡಲಿಂದ ಬಿಡಲಿಲ್ಲ, ಆಲೂಗಡ್ಡೆ ಮೂಟೆ ಥರ ಬಲಕ್ಕೆ ಉರುಳಿದ. ಫುಟ್‌ಪಾತಿನ ಅಂಚು ಸೊಂಟಕ್ಕೆ ಬಡೀತು. ಮುಗೀತು. ಪ್ರತಿ ವರ್ಷ ಹೊಸಬರು ಬಂದಾಗ ನಾನು ಇದೇ ಕಥೆ ಹೇಳ್ತೀನಿ. ಎಚ್ಚರಿಕೆಗೆ ಅಂತ. ಛಾವಣಿಗೆ ಹೆಂಚು ಹೊದಿಸೋನು, ಬೆಕ್ಕಿನ ಥರ ಏಣಿ ಹತ್ತುತ್ತಿದ್ದೋನು, ಮೂವತ್ತು ಯೂರೋ ಉಳಿಸೋಕೆ ಹೋಗಿ ಕಾಲು ಕುಂಟ ಮಾಡ್ಕೊಂಡ ಅಂತ. ನಗ್ತಾರೆ. ನಕ್ಕು, ಆಮೇಲೆ ಒಳ್ಳೇ ಪೆಡಲ್ ತಗೋತಾರೆ.

ಏನಂದೆ? ... ಅವನೇ ಕೊಟ್ಟು ಕಳಿಸಿದ್ನಾ? 'ಫಿರ್ಮಿನ್‌ಗೆ ತೋರಿಸು, ಆಗತ್ತಾ ಇಲ್ವಾ ಅವನೇ ಹೇಳ್ತಾನೆ' ಅಂದ್ನಾ?

ಹೂಂ. ಹಾಗಂತಾನೆ ಅವನು. ಯಾವಾಗ್ಲೂ ಹಾಗೇ ಅಂತಾನೆ.

ಆಗಲ್ಲ. ನೋಡಿ ಆಯ್ತಲ್ಲ? ಆಗಲ್ಲ ಅಂತ ಹೇಳು. ಸ್ಪ್ರಿಂಗ್ ಹೋಗಿದೆ. ಆಗಲೇ ಹೋಗಿತ್ತು, ಅಂಗಡೀಲಿ ಇದ್ದಾಗ್ಲೇ. ಅಗ್ಗದ ಸ್ಪ್ರಿಂಗು, ಸಿಕ್ಕಾಕ್ಕೊಳತ್ತೆ. ಕಾಫಿ ಕುಡಿ, ಆರಿಹೋಗತ್ತೆ.

ಸ್ಕ್ರೂ ತಿರುಗಿಸೋ ಆ ಅಲೆನ್ ಕೀ ಯಾಕೆ ಎತ್ಕೊಂಡೆ? ಅಲ್ಲೇ ಇಡು. ವೇರ್ಲೆ, ಅದು ನನ್ನ ಸಾಮಾನು. ನಿನಗೇನು ಗೊತ್ತು ಎಲ್ಲಿ ಹಾಕಬೇಕು ಅಂತ... ಓ, ಗೊತ್ತಾ? ವಿಡಿಯೋ ನೋಡಿದ್ದೀಯಾ? ಬಂದ್ಬಿಟ್ಳು ಇಂಜಿನಿಯರಮ್ಮ! ಹೂಂ, ಹಿಂದೆ ಇರೋ ಸ್ಕ್ರೂ, ಅದೇ. ಸಡಿಲ ಮಾಡಿದ್ರೆ ಕಾಲು ಬೇಗ ಬಿಡತ್ತೆ, ಬಿಗಿ ಮಾಡಿದ್ರೆ ಹಿಡ್ಕೊಳತ್ತೆ. ಹೊಸಬರಿಗೆ ಪೂರ್ತಿ ಸಡಿಲ ಇರಬೇಕು. ಮಾಡು, ಮಾಡು, ನಿನ್ನ ಆಸೆ ತೀರಲಿ. ಎಡಗಡೆಯದು... ಟಿಕ್, ಟಿಕ್. ಎರಡಕ್ಕೆ ನಿಂತು ಹೋಯ್ತಲ್ಲ? ಆಯ್ತು. ಸಡಿಲಾನೇ ಇತ್ತು. ಸಾಕು, ಇಡು ಇನ್ನು.

ಬಲಗಡೆಯದು ಬೇಡ. ತುಕ್ಕು ಹಿಡಿದಿರತ್ತೆ, ಸ್ಕ್ರೂ ತಲೆ ಸವೆದುಹೋಗತ್ತೆ.

...ನಾನು ಹೇಳಿದ್ದು ಕೇಳಿಸ್ಲಿಲ್ವಾ?

ಎಷ್ಟಾಯ್ತು? ಆರು? ... ಎಂಟು. ಎಣಿಸಿ ಏನು ಮಾಡ್ತೀಯ? ಕಾರ್ಖಾನೆಯಿಂದ ಹಾಗೇ ಬಂದಿರತ್ತೆ. ಒಂದಕ್ಕೊಂದು ತಾಳಮೇಳ ಇರಲ್ಲ ಇಂಥ ಸಾಮಾನಿನಲ್ಲಿ. ಅದಕ್ಕೇ ಅಲ್ವಾ ನಾನು ಹೇಳೋದು, ಅಗ್ಗ ಅಂದ್ರೆ... ಹನ್ನೊಂದು. ನಿಲ್ಸೇ. ಇಲ್ಲಾಂದ್ರೆ ಅವನೇ ತಿರುಗಿಸಿರ್ತಾನೆ, ನಿಮ್ಮಪ್ಪ, ಏನೋ ಮಾಡೋಕೆ ಹೋಗಿ... ಏನು ತಿರುಗಿಸ್ತಾನೆ ಅವನು! ಪೆಡಲಿಗೆ ಸ್ಕ್ರೂ ಇರತ್ತೆ ಅನ್ನೋದೇ ಅವನಿಗೆ ಗೊತ್ತಿರಲಿಲ್ಲ! ಪೆದ್ದ! ಡಬ್ಬಿ ಕಂಕುಳಲ್ಲಿ ಇಟ್ಕೊಂಡು ಬಂದ, ಇದೇ ಮೇಜಿನ ಮೇಲೆ ಇಟ್ಟ, 'ಫಿರ್ಮಿನ್, ಇದನ್ನ ಹಾಕ್ಕೊಡೋ' ಅಂತ ಹಲ್ಲು ಕಿರಿದ. ಬೇರೆಯವರ ಅಂಗಡೀಲಿ ಕೊಂಡು, ನನ್ನ ಹತ್ರ ಪುಕ್ಕಟೆ ಕೆಲಸ! ಮೂವತ್ತು ವರ್ಷದ ಸ್ನೇಹಿತ! ನಾಚಿಕೆ ಬೇಡ್ವಾ?

...

ಹದಿನಾಲ್ಕು.

ಯಾಕೆ ನನ್ನೇ ನೋಡ್ತಿದ್ದೀಯ?

ಸ್ಕ್ರೂ ಬಿಗಿ ಇತ್ತು, ಸರಿ. ಅದಕ್ಕೆ ನಾನೇನು ಮಾಡಲಿ? ಊರಲ್ಲಿ ಬೇರೆ ಕೈಗಳಿಲ್ವಾ? ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಳಲಿ?

ನೋಡು. ಈ ಹೊಸದು ತಗೋ. ನಲವತ್ತಕ್ಕೆ ಕೊಡ್ತೀನಿ. ಐವತ್ತೈದರದ್ದು ನಲವತ್ತಕ್ಕೆ, ಯಾರಿಗೂ ಕೊಡಲ್ಲ ನಾನು, ನನ್ನ ಸ್ವಂತ ತಂಗಿಗೂ ಕೊಟ್ಟಿಲ್ಲ... ಆಯ್ತು, ಮೂವತ್ತು. ಕ್ಲೀಟ್ ಜೊತೆಗೇ ಬರತ್ತೆ. ಕೈಲಿ ಹಿಡ್ಕೊಂಡು ನೋಡು, ಎಷ್ಟು ಸಲೀಸಾಗಿ ತಿರುಗತ್ತೆ. ಶೂ ಇದೆ ಒಂದು ಜೊತೆ, ಕಳೆದ ವರ್ಷದ್ದು, ಮೂವತ್ತೊಂಬತ್ತನೇ ನಂಬರು, ನಿಂದೂ ಅಷ್ಟೇ ಅಲ್ವಾ? ... ಬೇಡ, ದುಡ್ಡೇ ಬೇಡ. ಎರಡೂ ಹಾಗೇ ತಗೊಂಡು ಹೋಗು. ಯಾಕೆ ಅಂತ ಕೇಳಬೇಡ. ಒಂದು ಸಲ ಒಳ್ಳೇ ಬುದ್ಧಿ ಬಂದಿದೆ ಅಂದ್ಕೋ. ತಗೋ ಅಂದ್ನಲ್ಲ!

ತಗೋಳೇ...

ಆ ಹಳೇದನ್ನ ಕೈಯಿಂದ ಕೆಳಗಿಡು ಹಾಗಾದ್ರೆ. ದಮ್ಮಯ್ಯ ಅಂತೀನಿ.

ತಮಾಷೆಗೆ ಕಣಮ್ಮ. ತಮಾಷೆಗೆ! ಎಲ್ಲರಿಗೂ ಮಾಡ್ತಿದ್ವಿ. ಕ್ಲಬ್ಬಿಗೆ ಬಂದ ಹೊಸಬನ ಸ್ಕ್ರೂ ಒಂದೆರಡು ಟಿಕ್ ಬಿಗಿ ಮಾಡೋದು, ಬಿದ್ದ ಅಂದ್ರೆ ಬಿಯರ್ ಬೇಗ ಬರತ್ತೆ. ಇಪ್ಪತ್ತು ಜನಕ್ಕೆ ಮಾಡಿರ್ತೀವಿ. ಮಂಡಿ ತರಚ್ಕೊಂಡ್ರು, ನಕ್ಕರು, ಬಿಯರ್ ಕೊಡಿಸಿದ್ರು... ಯಾರಿಗೂ ಏನೂ ಆಗಿರಲಿಲ್ಲ. ಕೆಫೆ ಮುಂದೆ ಬೀಳ್ಲಿ ಅಂತ ಅಂದ್ಕೊಂಡೆ. ಅಲ್ಲಿ ಹುಲ್ಲಿದೆ. ಅವತ್ತು ಗೇಟ್ ಹಾಕಿರತ್ತೆ ಅಂತ ನನಗೇನು ಕನಸು ಬಿದ್ದಿತ್ತಾ?

ಒಂದೆರಡು ಟಿಕ್ ಅಲ್ಲ, ಹೌದು. ಎಣಿಸಿದ್ದೀಯಲ್ಲ. ಕೋಪ ಬಂದಿತ್ತು. ಆ ಮೂವತ್ತು ಯೂರೋ ಡಬ್ಬಿ ನೋಡಿ ಮೈಯೆಲ್ಲಾ ಉರಿದುಹೋಗಿತ್ತು ನಂಗೆ. ತಿರುಗಿಸ್ತಾ ಹೋದೆ, ತಿರುಗಿಸ್ತಾ ಹೋದೆ. ಬಲಗಡೆಯದು ಮಾತ್ರ. ನಿಂತಾಗ ಅವನು ಬಲಗಾಲೇ ಊರೋದು, ವರ್ಷಗಟ್ಟಲೆ ನೋಡಿದ್ದೆ. ಅವನು ಆ ಕಡೆ ನಿಂತ್ಕೊಂಡು ನೀನು ಪರೀಕ್ಷೆ ಪಾಸಾಗಿದ್ದು ಹೇಳ್ತಾ ಇದ್ದ. ನಿನ್ನ ಬಗ್ಗೇನೇ ಹೇಳ್ತಾ ಇದ್ದ ಕಣೇ. ನನ್ನ ಕೈ ನೋಡ್ಲೇ ಇಲ್ಲ.

ನೀನು ಬೈದುಬಿಡು. ಬೈಯಬಾರದಾ?

ಹೇಳಬೇಕು ಅಂದ್ಕೊಂಡಿದ್ದೆ. ನೀನು ನಂಬಲ್ಲ, ಗೊತ್ತು. ಆಪರೇಷನ್ ಆದ ಮೂರನೇ ದಿನ ಆಸ್ಪತ್ರೆಯಿಂದ ಅವನೇ ಫೋನ್ ಮಾಡಿದ. ಮಾತು ಎಲ್ಲಾ ಜೋಡಿಸಿ ಇಟ್ಕೊಂಡಿದ್ದೆ. 'ವಿಲ್ಫ್ರೀಡ್, ನಾನು...' ಅಂತ ಶುರು ಮಾಡಿದೆ. ಅಷ್ಟರಲ್ಲಿ ಅವನು ಅಳೋಕೆ ಶುರು ಮಾಡಿದ. ಫಿರ್ಮಿನ್, ತಪ್ಪಾಯ್ತು ಕಣೋ, ನಿನ್ನಂಗಡಿ ಬಿಟ್ಟು ಬೇರೆ ಕಡೆ ಕೊಂಡಿದ್ದು ನನ್ನದೇ ತಪ್ಪು, ನಿಮ್ಮೆಲ್ಲರ ಭಾನುವಾರ ಹಾಳು ಮಾಡಿದೆ, ಬೇಜಾರ್ ಮಾಡ್ಕೋಬೇಡ, ಕ್ಷಮಿಸಿಬಿಡು ಅಂದ.

ನಾನು...

ಆಯ್ತು ಬಿಡು, ಕ್ಷಮಿಸಿದ್ದೀನಿ ಅಂದೆ. ಮುಂದಿನ ಸಲ ನನ್ನ ಕೇಳಿ ತಗೋ ಅಂದೆ.