ಬಲಕ್ಕಲ್ಲ, ಕೆಳಗೆ

ಮಾನ್ಯ ಅಧ್ಯಕ್ಷರೇ, ವೇದಿಕೆಯಲ್ಲಿರುವ ವರ್ತಕರ ಸಂಘದ ಹಿರಿಯರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಅಂಗಡಿಯ ಹಿರಿಯ ಸೇಲ್ಸ್‌ಮನ್ನರೇ, ಭಾಷಣ ಬೇಗ ಮುಗಿಯಲಿ ಎಂದು ಹಾರೈಸುತ್ತಿರುವ ಸಭಿಕರೇ,

ಇಂದಿನ ಸನ್ಮಾನಿತರಾದ ಇವರ ಪ್ರಾಮಾಣಿಕತೆಯ ಬಗ್ಗೆ ಎರಡು ಮಾತಾಡಿ ಎಂದು ಅಪ್ಪಣೆಯಾಗಿದೆ. ಮೂರು ವರ್ಷ ಇವರ ಮೇಲೆ ಗುಮಾನಿ ಪಟ್ಟವನು ನಾನು. ನನಗೇ ಯಾಕೆ ಈ ಕೆಲಸ ಹಚ್ಚಿದರು? ಅದರ ಮೇಲೂ ಗುಮಾನಿಯಿದೆ.

ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್‌ಗಳೆಲ್ಲ ಒಂದೇ, ಡಬ್ಬಿಯ ಬಣ್ಣ ಬೇರೆ ಅಷ್ಟೇ ಅನ್ನುವವರು ಇಲ್ಲಿರಬಹುದು. ಅಲ್ಲ ಸ್ವಾಮಿ. ಕಣ್ಣು ಕಟ್ಟಿ ಕೈಗೆ ಕೊಡಿ, ಯಾವ ಕಂಪನಿಯದು ಅಂತ ಹೇಳುತ್ತೇನೆ. ಒಂದರ ಫ್ಯಾನು ಗೊರಕೆ ಹೊಡೆಯುತ್ತದೆ, ಇನ್ನೊಂದು ಉಸಿರೆತ್ತುವುದಿಲ್ಲ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಎರಡೂ ಕೈಯಲ್ಲಿ ಹಿಡಿದು ಆಡಿಸುವ ಕಂಟ್ರೋಲರಿನದು. ನಾನು ಮಾರುವುದರಲ್ಲಿ ಬಲಗಡೆಯ ಬಟನ್ ಒತ್ತಿದರೆ 'ಸರಿ', ಕೆಳಗಿನದು ಒತ್ತಿದರೆ 'ಬೇಡ'. ಎದುರಿನ ಅಂಗಡಿಯಲ್ಲಿ ಮಾರುವುದರಲ್ಲಿ ಎಲ್ಲ ಉಲ್ಟಾ.

ಎದುರಿನ ಅಂಗಡಿ ನನ್ನ ತಮ್ಮನದು. ಮೊದಲು ಇಬ್ಬರೂ ಒಂದೇ ಅಂಗಡಿಯಲ್ಲಿದ್ದಾಗ ಎರಡೂ ಕಂಪನಿಯ ಮಾಲು ಇಡೋಣ ಅಂದ, ನಾನು ಬೇಡ ಅಂದೆ. ಹನ್ನೊಂದು ವರ್ಷದಿಂದ ಮಾತಿಲ್ಲ. ಇದನ್ನು ಇಲ್ಲಿ ಹೇಳಬೇಕಾಗಿರಲಿಲ್ಲ, ಇರಲಿ.

ಮೂರು ವರ್ಷದ ಹಿಂದೆ, ಗಿರಾಕಿಗೆ ಆಟ ತೋರಿಸುವಾಗ ಸನ್ಮಾನಿತರ ಹೆಬ್ಬೆರಳು ಕೆಳಗಿನ ಬಟನ್ ಒತ್ತಿತು. ಆಟ ಶುರುವಾಗುವ ಬದಲು ಮುಚ್ಚಿಹೋಯಿತು. ಒಂದು ಸಲವಾದರೆ ಸರಿ. ವಾರಕ್ಕೆ ನಾಲ್ಕು ಸಲ?

"ಏನ್ರೀ, ಬೆರಳಿಗೆ ಏನಾಯ್ತು?" ಅಂತ ಕೇಳಿದೆ.

"ವಯಸ್ಸಾಯ್ತು ಸಾರ್," ಅಂದರು.

ವಯಸ್ಸಾದ ಬೆರಳು ಎಲ್ಲೆಲ್ಲೋ ಹೋಗಬೇಕು. ಇದು ಪ್ರತಿ ಸಲವೂ ಕೆಳಗೇ ಹೋಗುತ್ತಿತ್ತು. ಅಂದರೆ ಈ ಮನುಷ್ಯ ಎಲ್ಲೋ ದಿನಾ ಎದುರಾಳಿಯ ಕನ್ಸೋಲ್ ಆಡುತ್ತಿದ್ದಾರೆ! ಊಟದ ಬಿಡುವು ಬೇರೆ ಅರ್ಧ ಗಂಟೆಯಿಂದ ಒಂದು ಗಂಟೆಯಾಗಿತ್ತು. ಇಷ್ಟು ಸಾಲದೇ?

ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ಹಿಂಬಾಲಿಸಿದೆ. ರಸ್ತೆ ದಾಟಿದರು, ತಮ್ಮನ ಅಂಗಡಿಯ ಮೇಲಿನ ಮನೆಗೆ ಹತ್ತಿದರು. ಸಿಕ್ಕಿಬಿದ್ದ ಅಂದುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ನಾನೂ ಹತ್ತಿದೆ. ಬಾಗಿಲು ಅರ್ಧ ತೆರೆದಿತ್ತು.

ತಮ್ಮನ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಕಂಟ್ರೋಲರಿನ ಎಡಭಾಗ ಅವನ ಕೈಯಲ್ಲಿ, ಬಲಭಾಗ ಇವರ ಕೈಯಲ್ಲಿ. ಇಬ್ಬರೂ ಸೇರಿ ಒಂದೇ ಕಾರು ಓಡಿಸುತ್ತಿದ್ದರು. ತಮ್ಮ ಬೈಯುತ್ತಿದ್ದ: "ಬಲಕ್ಕಲ್ಲ ಕಣಯ್ಯಾ, ಕೆಳಗೆ ಒತ್ತು. ಇದು ನಮ್ಮಣ್ಣನ ಅಂಗಡಿ ಅಲ್ಲ."

ನಮ್ಮಣ್ಣ ಅಂದ.

ಅವನಿಗೆ ಲಕ್ವ ಹೊಡೆದ ಸುದ್ದಿ ಮೂರು ವರ್ಷದ ಹಿಂದೆಯೇ ನನಗೆ ಬಂದಿತ್ತು. ನನ್ನನ್ನು ಕರೆಸಿಕೊಳ್ಳಲು ಹೂಡಿದ ನಾಟಕ ಅಂದುಕೊಂಡು ನಾನು ಹೋಗಿರಲಿಲ್ಲ. ಅವತ್ತೂ ಒಳಗೆ ಹೋಗಲು ಮುಖವಿಲ್ಲದೆ, ಚಪ್ಪಲಿ ಕೈಯಲ್ಲೇ ಹಿಡಿದು ಇಳಿದು ಬಂದೆ.

ನಾಳೆ ಇವರು ಮಗಳ ಊರಿಗೆ ಹೊರಡುತ್ತಾರೆ. ಹಾಗಾದರೆ ಮಧ್ಯಾಹ್ನ ಆ ಬಟನ್ ಒತ್ತುವವರು ಯಾರು? ಒಂದು ತಿಂಗಳಿಂದ ಗೋಡೌನಿನ ಬಾಗಿಲು ಹಾಕಿಕೊಂಡು ಎದುರಿನ ಕಂಪನಿಯ ಕನ್ಸೋಲಿನಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಎಲ್ಲಿಂದ ತಂದೆ ಅಂತ ಕೇಳಬೇಡಿ.

ಕೊನೆಯ ಸಾಲಿನಲ್ಲಿ ನನ್ನ ತಮ್ಮ ಕೂತಿದ್ದಾನೆ. ಕರೆಸಿದವರು ಸನ್ಮಾನಿತರೇ ಎಂದು ನನ್ನ ಗುಮಾನಿ. ನನ್ನನ್ನು ಮೈಕಿನ ಮುಂದೆ ನಿಲ್ಲಿಸಿದ್ದೂ ಇವರೇ ಇರಬೇಕು. ಸನ್ಮಾನಿತರೇ, ಮೂರು ವರ್ಷ ನಾನು ಮಾಡಬೇಕಾಗಿದ್ದ ಕೆಲಸ ನೀವು ಮಾಡಿದಿರಿ. ನಿಮಗೆ ವಂದನೆ, ಇಷ್ಟು ಹೊತ್ತು ಕೇಳಿದ ಸಭೆಗೂ ವಂದನೆ.

ತಮ್ಮಾ, ನಾಳೆ ಮಧ್ಯಾಹ್ನ ಬಾಗಿಲು ತೆಗೆದಿಟ್ಟಿರು. ನನ್ನ ಬೆರಳು ಇನ್ನೂ ಬಲಕ್ಕೇ ಹೋಗುತ್ತೆ. ಅವರಿಗೆ ಬೈದ ಹಾಗೇ ನನಗೂ ಬಯ್ಯಿ.

ನಮಸ್ಕಾರ.